ತುಮಕೂರಿನಿಂದ ಬೆಂಗಳೂರಿಗೆ ಒಂದು ದಿನ: ಮಲ್ಲೇಶ್ವರವೋ, ಬಸವನಗುಡಿಯೋ, ಪೇಟೆಯೋ, ಕಬ್ಬನ್ ಪಾರ್ಕೋ?

ತುಮಕೂರಿನಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್ ಅಷ್ಟೇ. ಹತ್ತಿರ ಅನ್ನುವ ಕಾರಣಕ್ಕೇ ನಮ್ಮ ಕಡೆಯವರು ಒಂದು ದಿನಕ್ಕೆ ಇಡೀ ಬೆಂಗಳೂರನ್ನು ಹಾಕಿಕೊಂಡು ಹೊರಡುತ್ತಾರೆ. ಬೆಳಿಗ್ಗೆ ಇಸ್ಕಾನ್, ಆಮೇಲೆ ಲಾಲ್‌ಬಾಗ್, ಮಧ್ಯಾಹ್ನ ಚಿಕ್ಕಪೇಟೆಯಲ್ಲಿ ಸೀರೆ, ಸಂಜೆ ಎಂ.ಜಿ. ರಸ್ತೆ, ಟೈಮ್ ಉಳಿದರೆ ಯಾರೋ ಹೇಳಿದ ದೋಸೆ ಹೋಟೆಲ್. ಹೀಗೆ ಹೋದರೆ ಯಾವುದನ್ನೂ ನೆಟ್ಟಗೆ ನೋಡಿದ ಹಾಗೆ ಆಗುವುದಿಲ್ಲ. ಮಕ್ಕಳು ರಚ್ಚೆ ಹಿಡಿಯುತ್ತಾರೆ, ದೊಡ್ಡವರಿಗೆ ಮಂಡಿ ನೋವು ಬರುತ್ತದೆ, ಮಧ್ಯಾಹ್ನದ ಊಟ ಮೂರು ಗಂಟೆಗೆ ಯಾವುದೋ ದರ್ಶಿನಿಯಲ್ಲಿ ನಿಂತುಕೊಂಡೇ ಮುಗಿಯುತ್ತದೆ.

ನಾನು ಹೇಳುವುದು ಇಷ್ಟು: ಒಂದು ದಿನಕ್ಕೆ ಒಂದೇ ಭಾಗ. ತಿಂಡಿ ಅಲ್ಲೇ, ಓಡಾಟ ಅಲ್ಲೇ, ಊಟವೂ ಅಲ್ಲೇ. ಹೋಟೆಲ್ ಹೆಸರು ಕೇಳಿ ಊರಿನ ಈ ತುದಿಯಿಂದ ಆ ತುದಿಗೆ ಓಡಬಾರದು. ಯಾವ ಭಾಗ ಅನ್ನುವುದನ್ನು ಎರಡು ವಿಷಯ ನೋಡಿ ತೀರ್ಮಾನ ಮಾಡಿ. ಜೊತೆಗೆ ಬರುವವರು ಯಾರು, ಹೋಗುವುದು ಯಾವ ವಾರ. ವಾರ ಯಾಕೆ ಮುಖ್ಯ ಅಂದರೆ ಹಳೇ ಹೋಟೆಲ್‌ಗಳಲ್ಲಿ ಕೆಲವಕ್ಕೆ ವಾರದಲ್ಲಿ ಒಂದು ದಿನ ರಜೆ, ಅದು ಗೊತ್ತಿಲ್ಲದೆ ಹೋದರೆ ಮುಚ್ಚಿದ ಬಾಗಿಲು ನೋಡಿಕೊಂಡು ವಾಪಸ್ ಬರಬೇಕಾಗುತ್ತದೆ.

ಮೊದಲು ಹೋಗುವ ದಾರಿ

ಕಾರು, ಬಸ್ಸು, ರೈಲು ಮೂರೂ ಇವೆ. ಕಾರಿನಲ್ಲಿ ನೆಲಮಂಗಲದವರೆಗೆ ತೊಂದರೆ ಇಲ್ಲ, ಆಮೇಲೆ ನಿಧಾನ ಆಗುತ್ತದೆ, ಅದಾದ ಮೇಲೆ ಪಾರ್ಕಿಂಗ್ ಹುಡುಕಾಟ. ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲೋ ಕಾರು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಒಂದು ದೋಸೆ ತಿಂದು ಕಾಫಿ ಕುಡಿದು ಮುಗಿಸಬಹುದು. ಕಾರು ಬೇಕೇ ಬೇಕು ಅನ್ನುವವರು ನಾಗಸಂದ್ರ ಮೆಟ್ರೋ ಹತ್ತಿರ ನಿಲ್ಲಿಸಿ ಮುಂದೆ ಮೆಟ್ರೋದಲ್ಲಿ ಹೋಗುವುದು ವಾಸಿ.

ಬಸ್ಸಿನ ದೊಡ್ಡ ಲಾಭ ಗೊತ್ತೇ ಇದೆ. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ, ಆಧಾರ್ ಕಾರ್ಡ್ ಜೊತೆಗಿದ್ದರೆ ಸಾಕು. ರಾಜಹಂಸ, ಎಸಿ ಬಸ್ಸಿಗೆ ಇದು ನಡೆಯುವುದಿಲ್ಲ. ಬಸ್ಸಿನಲ್ಲಿ ಹೋಗುವವರು ಮೆಜೆಸ್ಟಿಕ್ ತನಕ ಕೂರಬೇಡಿ. ಗೊರಗುಂಟೆಪಾಳ್ಯದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೋ ಹತ್ತಿ. ಬಸ್ಸು ಫ್ಲೈಓವರ್ ಹತ್ತದೆ ಕೆಳಗಿನ ರಸ್ತೆಯಲ್ಲೇ ಹೋಗುವುದಾದರೆ ಜಾಲಹಳ್ಳಿ ಕ್ರಾಸಿನಲ್ಲೇ ಇಳಿಯಬಹುದು. 2024ರ ನವೆಂಬರ್‌ನಲ್ಲಿ ಈ ಮಾರ್ಗ ಮಾದಾವರದವರೆಗೂ ಬಂದಿದೆ, ಅಂದರೆ ಮೆಟ್ರೋ ನಮ್ಮ ಕಡೆಗೇ ಇನ್ನಷ್ಟು ಹತ್ತಿರ ಆಗಿದೆ. 2025ರ ಫೆಬ್ರವರಿಯಲ್ಲಿ ದರ ಏರಿಸಿದರು, ಒಂದು ಕಡೆಗೆ ಗರಿಷ್ಠ 90 ರೂಪಾಯಿ ಆಯಿತು. ನಾಲ್ಕೈದು ಜನ ಇದ್ದರೆ ಇದು ಸಣ್ಣ ಖರ್ಚಲ್ಲ, ಆದರೂ ಗೊರಗುಂಟೆಪಾಳ್ಯದಿಂದ ಒಳಗೆ ಟ್ರಾಫಿಕ್ ತಪ್ಪುತ್ತದೆ ಅನ್ನುವುದಕ್ಕೆ ಕೊಡಬಹುದು.

ನನಗೆ ಎಲ್ಲಕ್ಕಿಂತ ಇಷ್ಟ ರೈಲು. ಟಿಕೆಟ್ ಕಮ್ಮಿ, ಜಾಮ್ ಇಲ್ಲ, ಯಶವಂತಪುರದಲ್ಲಿ ಇಳಿದರೆ ಪಕ್ಕದಲ್ಲೇ ಮೆಟ್ರೋ. ಒಂದೇ ತೊಂದರೆ, ಬೆಳಗಿನ ರೈಲುಗಳಲ್ಲಿ ಪಾಸ್ ಇಟ್ಟುಕೊಂಡು ದಿನಾ ಕೆಲಸಕ್ಕೆ ಹೋಗಿ ಬರುವವರೇ ತುಂಬಿರುತ್ತಾರೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಆ ನೂಕುನುಗ್ಗಲಿನ ಹೊತ್ತು ಬಿಟ್ಟು ಹೊರಡಿ, ಇಲ್ಲ ಅಂದರೆ ಭಾನುವಾರ ಹೋಗಿ. ಭಾನುವಾರ ಮೆಟ್ರೋ ಬೆಳಿಗ್ಗೆ ತಡವಾಗಿ ಶುರುವಾಗುತ್ತದೆ, ಅದು ನೆನಪಿರಲಿ.

ಮಲ್ಲೇಶ್ವರ ಮತ್ತು ಬಸವನಗುಡಿ

ನಿಜವಾದ ಪೈಪೋಟಿ ಇರುವುದು ಈ ಎರಡರ ನಡುವೆ. ಎರಡೂ 1898ರ ಪ್ಲೇಗ್ ಹೊತ್ತಿನಲ್ಲಿ ಬೆಳೆದ ಬಡಾವಣೆಗಳು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಬೇಕು, ಗಾಳಿ ಬೆಳಕು ಇರಬೇಕು ಅಂತ ಮಾಡಿದ್ದರಿಂದ ನೇರ ರಸ್ತೆ, ಅಡ್ಡ ಕ್ರಾಸುಗಳು, ಸಾಲು ಮರ. ಇವತ್ತಿಗೂ ಬೆಂಗಳೂರಿನಲ್ಲಿ ಕಾಲ್ನಡಿಗೆಯಲ್ಲಿ ಓಡಾಡಲು ಹಿತ ಅನ್ನಿಸುವ ಜಾಗ ಇವೇ. ಎರಡರಲ್ಲೂ ಒಳ್ಳೆ ದೋಸೆ, ಹಳೇ ದೇವಸ್ಥಾನ, ಹೂವಿನ ಅಂಗಡಿ ಸಾಲು ಇವೆ. ಹಾಗಾದರೆ ವ್ಯತ್ಯಾಸ ಏನು?

ಮಲ್ಲೇಶ್ವರ ನಮಗೆ ಹತ್ತಿರ. ಇದು ಸಣ್ಣ ವಿಷಯ ಅಲ್ಲ. ಯಶವಂತಪುರದಲ್ಲಿ ಇಳಿದು ಒಂದು ಆಟೋ ಹಿಡಿದರೆ ಹದಿನೆಂಟನೇ ಕ್ರಾಸ್. ಅಲ್ಲೇ ಸ್ಯಾಂಕಿ ಕೆರೆ, 1882ರಲ್ಲಿ ಕಟ್ಟಿದ್ದು, ದಂಡೆಯ ಮೇಲೆ ಬೆಳಗಿನ ಹೊತ್ತು ನಡೆದರೆ ಪ್ರಯಾಣದ ಸುಸ್ತು ಹೋಗುತ್ತದೆ. ಅಲ್ಲಿಂದ ಕಾಡು ಮಲ್ಲೇಶ್ವರ ದೇವಸ್ಥಾನಕ್ಕೆ ಬನ್ನಿ. ಶಿವಾಜಿಯ ಅಣ್ಣತಮ್ಮಂದಿರಲ್ಲಿ ಒಬ್ಬನಾದ ವೆಂಕೋಜಿಯ ಕಾಲದ, 17ನೇ ಶತಮಾನದ ದೇವಸ್ಥಾನ, ಬಡಾವಣೆಗೆ ಹೆಸರು ಬಂದದ್ದೇ ಇದರಿಂದ. ಎದುರಿಗೆ ನಂದಿ ತೀರ್ಥ ಇದೆ. ಮಣ್ಣಿನಡಿ ಮುಚ್ಚಿಹೋಗಿದ್ದ ಈ ಕಲ್ಯಾಣಿ 1997ರಲ್ಲಿ ಹೊರಗೆ ಬಂತು. ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಸುರಿಯುತ್ತಲೇ ಇರುತ್ತದೆ. ನಮ್ಮ ಅಮ್ಮ, ಅತ್ತೆ, ದೊಡ್ಡಮ್ಮಂದಿರನ್ನು ಕರೆದುಕೊಂಡು ಹೋದರೆ ಇದೊಂದೇ ಸಾಕು, ಅಲ್ಲಿಂದ ಬೇಗ ಏಳುವುದಿಲ್ಲ. ದೇವಸ್ಥಾನ ಮಧ್ಯಾಹ್ನ ಮುಚ್ಚುತ್ತಾರೆ, ಆದ್ದರಿಂದ ಬೆಳಿಗ್ಗೆಯೇ ಮುಗಿಸಿ.

ಆಮೇಲೆ ಮಾರ್ಗೋಸಾ ರಸ್ತೆಯಲ್ಲಿ ಕೆಳಕ್ಕೆ ಇಳಿಯುತ್ತಾ ಬಂದರೆ ಏಳನೇ ಕ್ರಾಸಿನಲ್ಲಿ ಸಿಟಿಆರ್ ಹೋಟೆಲ್. ಈಗ ಬೋರ್ಡಿನ ಮೇಲೆ ಶ್ರೀ ಸಾಗರ್ ಅಂತ ಇದ್ದರೂ ಎಲ್ಲರ ಬಾಯಲ್ಲೂ ಸಿಟಿಆರ್ ಅಂತಲೇ. ಬೆಣ್ಣೆ ಮಸಾಲೆ ಹೇಳಿ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಬಣ್ಣ ಚೆನ್ನಾಗಿ ಕೆಂಪಗೆ ಬಂದಿರುತ್ತದೆ. ಕಾಯಬೇಕು, ಖಾಲಿ ಕುರ್ಚಿ ಕಂಡ ಕಡೆ ಅಪರಿಚಿತರ ಜೊತೆ ಟೇಬಲ್ ಹಂಚಿಕೊಂಡು ಕೂರಬೇಕು. ಮಧ್ಯಾಹ್ನ ಕೆಲವು ಗಂಟೆ ಬಾಗಿಲು ಹಾಕುತ್ತಾರೆ. ಕಾಯಲು ಆಗದವರಿಗೆ ವೀಣಾ ಸ್ಟೋರ್ಸ್ ಇದೆ, ಇಡ್ಲಿ ಮೇಲೆ ಧಾರಾಳವಾಗಿ ಚಟ್ನಿ ಹಾಕಿ ಕೊಡುತ್ತಾರೆ, ಹತ್ತು ನಿಮಿಷದಲ್ಲಿ ಹೊಟ್ಟೆ ತುಂಬುತ್ತದೆ. ಎಂಟನೇ ಕ್ರಾಸಿನ ಜನತಾ ಹೋಟೆಲ್ ಕೂಡ ಚೆನ್ನಾಗಿದೆ. ನಂತರ ಸಂಪಿಗೆ ರಸ್ತೆ, ಎಂಟನೇ ಕ್ರಾಸು. ಬಳೆ, ಹೂವು, ಹಬ್ಬದ ಸಾಮಾನು, ರವಿಕೆ ಬಟ್ಟೆ, ಎಲ್ಲ ಒಂದೇ ಸಾಲಿನಲ್ಲಿ. ಹಾಗೇ ಮುಂದೆ ಬಂದರೆ ಮಂತ್ರಿ ಸ್ಕ್ವೇರ್ ಮೆಟ್ರೋ. ನೋಡಿ, ಹದಿನೆಂಟನೇ ಕ್ರಾಸಿನಿಂದ ಶುರು ಮಾಡಿ ಕ್ರಾಸಿನ ಅಂಕಿ ಕಮ್ಮಿ ಆಗುತ್ತಾ ಬಂದರೆ ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಹೊಸಬರಿಗೆ ಇದಕ್ಕಿಂತ ಸುಲಭದ ಜಾಗ ಬೆಂಗಳೂರಿನಲ್ಲಿ ನನಗೆ ಗೊತ್ತಿಲ್ಲ.

ಬಸವನಗುಡಿ ಸ್ವಲ್ಪ ದೂರ, ಆದರೆ ಅಲ್ಲಿ ನೋಡುವುದು, ತಿನ್ನುವುದು ಎರಡೂ ಜಾಸ್ತಿ. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದರೆ ಗಾಂಧಿ ಬಜಾರಿಗೆ ನಡೆದೇ ಹೋಗಬಹುದು, ಬೇಡ ಅಂದರೆ ಆಟೋ. ಅಲ್ಲಿಯ ವಿದ್ಯಾರ್ಥಿ ಭವನ ಹೋಟೆಲ್ 1943ರದ್ದು. ಪಂಚೆ ಉಟ್ಟ ಸಪ್ಲೈಯರ್ ಒಂದೇ ಕೈಮೇಲೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವುದನ್ನು ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ. ಗೋಡೆ ತುಂಬ ಕನ್ನಡದ ಸಾಹಿತಿಗಳ ರೇಖಾಚಿತ್ರ. ಇಲ್ಲಿಯ ದೋಸೆ ಸಿಟಿಆರ್‌ಗಿಂತ ದಪ್ಪ, ತುಪ್ಪದ ಘಮ ಜಾಸ್ತಿ, ಚಟ್ನಿ ತೆಳ್ಳಗೆ, ಸಾಂಬಾರ್ ಕೊಡುವುದಿಲ್ಲ. ಸಾಂಬಾರ್ ಇಲ್ಲದೆ ತಿನ್ನುವುದೇ ಇಲ್ಲ ಅನ್ನುವವರು ನಮ್ಮ ಮನೆಗಳಲ್ಲಿ ಇದ್ದಾರಲ್ಲ, ಅವರಿಗೆ ಮೊದಲೇ ಹೇಳಿಡಿ.

ಸಿಟಿಆರ್ ದೋಸೆಯೋ, ವಿದ್ಯಾರ್ಥಿ ಭವನದ ದೋಸೆಯೋ ಅಂತ ಕೇಳಿದರೆ ನನ್ನ ಓಟು ದೋಸೆಯ ಮಟ್ಟಿಗೆ ಸಿಟಿಆರ್‌ಗೆ. ಆದರೆ ಜೀವನದಲ್ಲಿ ಒಮ್ಮೆ ಮಾತ್ರ ಹೋಗುವ ನೆಂಟರನ್ನು ಕರೆದುಕೊಂಡು ಹೋಗುವುದಾದರೆ ವಿದ್ಯಾರ್ಥಿ ಭವನಕ್ಕೇ ಹೋಗುತ್ತೇನೆ. ಆ ಹಾಲಿನಲ್ಲಿ ಕೂರುವುದೇ ಒಂದು ಅನುಭವ, ಅಡುಗೆಮನೆಯ ಕಡೆಯಿಂದ ಬರುವ ಚುಯ್ ಸದ್ದು, ಬಾಗಿಲಲ್ಲಿ ಹೆಸರು ಬರೆಸಿ ಕಾಯುವ ಜನ, ಪಕ್ಕದ ಟೇಬಲ್ಲಿನ ತಾತ ಇನ್ನೊಬ್ಬ ತಾತನಿಗೆ ಹಳೇ ಕಥೆ ಹೇಳುವುದು, ಇದೆಲ್ಲ ಸೇರಿಯೇ ಆ ದೋಸೆ.

ಇಡ್ಲಿ ಇಷ್ಟ ಇದ್ದರೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. 1965ರಿಂದ ಇದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಇಷ್ಟೇ ಲಿಸ್ಟು. ಇಲ್ಲೂ ಸಾಂಬಾರ್ ಇಲ್ಲ, ಚಟ್ನಿ ಎಷ್ಟು ಬೇಕಾದರೂ ಹಾಕಿಸಿಕೊಳ್ಳಿ. ನಿಂತು ತಿನ್ನುವ ಜಾಗ.

ತಿಂದ ಮೇಲೆ ದೊಡ್ಡ ಗಣಪತಿ, ದೊಡ್ಡ ಬಸವಣ್ಣ, ಪಕ್ಕದಲ್ಲೇ ಬ್ಯೂಗಲ್ ರಾಕ್ ಪಾರ್ಕು. ಒಂದೇ ಕಲ್ಲಿನ ಆ ಬಸವನನ್ನು ಎಷ್ಟು ಸಲ ನೋಡಿದರೂ ಮೊದಲು ಬಾಯಿಂದ ಬರುವುದು ಅಬ್ಬಾ ಅಂತಲೇ. ಕಾರ್ತಿಕ ಮಾಸದ ಕೊನೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ. ನಮ್ಮ ಪಾವಗಡ, ಮಧುಗಿರಿ ಕಡೆ ಕಡಲೆಕಾಯಿ ಬೆಳೆಯುವವರಿಗೆ ಇದನ್ನು ನೋಡುವುದರ ಖುಷಿಯೇ ಬೇರೆ, ರಸ್ತೆ ತುಂಬ ಕಡಲೆಕಾಯಿ ರಾಶಿ. ಆದರೆ ಅವತ್ತು ನಿಧಾನವಾಗಿ ಓಡಾಡುವ ಆಸೆ ಬಿಟ್ಟುಬಿಡಿ, ಜನಸಾಗರ. ಗಾಂಧಿ ಬಜಾರಿನಲ್ಲಿ ಸುಬ್ಬಮ್ಮನ ಅಂಗಡಿಯಲ್ಲಿ ಕೋಡುಬಳೆ, ಹುರಿಗಾಳು ಕಟ್ಟಿಸಿಕೊಳ್ಳಿ. ಕನ್ನಡ ಪುಸ್ತಕ ಬೇಕು ಅನ್ನುವವರಿಗೆ ಅಂಕಿತ ಪುಸ್ತಕ ಅಲ್ಲೇ ಇದೆ.

ಮಧ್ಯಾಹ್ನಕ್ಕೆ ಲಾಲ್‌ಬಾಗ್. ಸುಮಾರು 240 ಎಕರೆ, ಹೈದರಾಲಿ ಕಾಲದಲ್ಲಿ ಶುರುವಾದ ತೋಟ. ಗಾಜಿನ ಮನೆ ನಮ್ಮ ಅಮಾನಿಕೆರೆ ಹತ್ತಿರವೂ ಇದೆ ಅಲ್ವಾ, ಅದಕ್ಕೋಸ್ಕರ ಇಷ್ಟು ದೂರ ಬರಬೇಕಿಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಲಾಲ್‌ಬಾಗಿನ ಗಾಜಿನ ಮನೆಗೆ ನೂರಮೂವತ್ತು ವರ್ಷಕ್ಕೂ ಜಾಸ್ತಿ ವಯಸ್ಸು, ಸುತ್ತಲಿನ ಮರಗಳು ಅದಕ್ಕಿಂತ ದೊಡ್ಡ ವಿಷಯ. ಬಂಡೆಯ ಮೇಲಿನ ಕೆಂಪೇಗೌಡ ಗೋಪುರದ ತನಕ ಹತ್ತಿ, ಆ ಬಂಡೆಗೆ 300 ಕೋಟಿ ವರ್ಷ ವಯಸ್ಸು ಅಂತ ಮಕ್ಕಳಿಗೆ ಹೇಳಿ. ಜನವರಿ 26, ಆಗಸ್ಟ್ 15ರ ಸುಮಾರಿಗೆ ಫಲಪುಷ್ಪ ಪ್ರದರ್ಶನ ಇರುತ್ತದೆ. ಹೂವು ನೋಡಬೇಕಾದರೆ ಆಗ ಹೋಗಿ, ತೋಟ ನೋಡಬೇಕಾದರೆ ಬೇರೆ ದಿನ ಹೋಗಿ.

ಲಾಲ್‌ಬಾಗ್ ಮೆಟ್ರೋ ಇರುವುದು ಪಶ್ಚಿಮದ ಗೇಟಿನ ಕಡೆ, ಎಂಟಿಆರ್ ಹೋಟೆಲ್ ಇರುವುದು ಮುಖ್ಯ ಗೇಟಿನ ಕಡೆ. ತೋಟದೊಳಗೇ ನಡೆದುಕೊಂಡು ಆ ಕಡೆ ಹೋದರೆ ಹಸಿವೂ ಆಗುತ್ತದೆ, ಊಟವೂ ಸಿಗುತ್ತದೆ. ಎಂಟಿಆರ್ ಶುರುವಾದದ್ದು 1924ರಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿ ನೋಡಿದರು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಅಂತ ಹೇಳುತ್ತಾರೆ. ಬೆಳಗಿನ ತಿಂಡಿಗೆ ಹೋದರೆ ಅದನ್ನೇ ಹೇಳಿ, ಬಟ್ಟಲಲ್ಲಿ ತುಪ್ಪ ಬೇರೆಯಾಗಿ ಕೊಡುತ್ತಾರೆ. ಮಧ್ಯಾಹ್ನದ ಊಟ ಒಂದಾದ ಮೇಲೊಂದು ಬಡಿಸುತ್ತಲೇ ಇರುತ್ತಾರೆ, ಬೆಲೆ ಮೇಲು. ಬೆಳಿಗ್ಗೆ ವಿದ್ಯಾರ್ಥಿ ಭವನದಲ್ಲಿ ಎರಡು ದೋಸೆ ತಿಂದು ಮಧ್ಯಾಹ್ನ ಎಂಟಿಆರ್ ಊಟಕ್ಕೆ ಕೂರಬೇಡಿ, ದುಡ್ಡು ದಂಡ. ಎರಡರಲ್ಲಿ ಒಂದು ಆರಿಸಿ.

ಸಂಜೆ ತನಕ ಇರುವವರಿಗೆ ವಿ.ವಿ. ಪುರದ ತಿಂಡಿ ಬೀದಿ. ಡಿಸೆಂಬರ್, ಜನವರಿಯಲ್ಲಿ ಆ ಭಾಗದಲ್ಲಿ ಅವರೆಬೇಳೆ ಮೇಳ ನಡೆಯುತ್ತದೆ, ಹಿತಕಿದ ಬೇಳೆ ಹಾಕಿ ಏನೆಲ್ಲ ಮಾಡಬಹುದೋ ಎಲ್ಲ ಮಾಡಿರುತ್ತಾರೆ. ನಮ್ಮ ಮನೆಗಳಲ್ಲಿ ಆ ಕಾಲಕ್ಕೆ ಹಿತಕಿದ ಬೇಳೆ ಸಾರು ಹೇಗೂ ಇರುತ್ತದೆ, ಆದರೂ ಅವರೆಬೇಳೆ ದೋಸೆ ಒಂದು ಸಲ ತಿಂದು ನೋಡಿ.

ಹಾಗಾಗಿ ವಯಸ್ಸಾದವರು ಜೊತೆಗಿದ್ದರೆ, ಅರ್ಧ ದಿನ ಮಾತ್ರ ಇದ್ದರೆ ಮಲ್ಲೇಶ್ವರ. ಬೆಳಿಗ್ಗೆ ಬೇಗ ಹೊರಟು ರಾತ್ರಿ ಬರುವ ಗಟ್ಟಿ ಕಾಲಿನವರಿಗೆ ಬಸವನಗುಡಿ.

ಪೇಟೆ: ಕೆಲಸ ಇದ್ದರೆ ಮಾತ್ರ

ಚಿಕ್ಕಪೇಟೆ, ಅವೆನ್ಯೂ ರಸ್ತೆ, ಬಳೇಪೇಟೆ, ಕೆ.ಆರ್. ಮಾರ್ಕೆಟ್. ಮದುವೆ ಜವಳಿ ತರಬೇಕು, ರೇಷ್ಮೆ ಸೀರೆ ನಾಲ್ಕು ಅಂಗಡಿ ನೋಡಿ ತೆಗೆಯಬೇಕು, ಮಕ್ಕಳ ಕಾಲೇಜಿನ ಪುಸ್ತಕ ಬೇಕು ಅಂದರೆ ಇದೇ ಜಾಗ. ಸುಮ್ನೆ ಸುತ್ತಾಡಲು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಹೋಗಬೇಡಿ. ಫುಟ್‌ಪಾತ್ ಇಲ್ಲ, ಕೈಗಾಡಿ, ಸ್ಕೂಟರ್, ಮೂಟೆ ಹೊತ್ತವರು ಎಲ್ಲ ಒಂದೇ ಗಲ್ಲಿಯಲ್ಲಿ. ರಸ್ತೆಯಲ್ಲೇ ನಿಂತು ಬನ್ನಿ ಅಕ್ಕಾ, ಬನ್ನಿ ಅಣ್ಣಾ ಅಂತ ಕರೆಯುವವರ ಹಿಂದೆ ಹೋಗಬೇಡಿ. ಮನೆಯವರೋ ಪರಿಚಯದವರೋ ಹೇಳಿದ ಎರಡು ಅಂಗಡಿ ಹೆಸರು ಇಟ್ಟುಕೊಂಡು ಹೋಗಿ. ಭಾನುವಾರ ಬಹಳ ಅಂಗಡಿ ಮುಚ್ಚಿರುತ್ತವೆ.

ಆದರೆ ಒಂದು ಮಾತು. ಬೆಳಿಗ್ಗೆ ಬೇಗ ತಲುಪಿದರೆ ಕೆ.ಆರ್. ಮಾರ್ಕೆಟ್ಟಿನ ಹೂವಿನ ವ್ಯಾಪಾರ ನೋಡಿ, ಮಹಡಿಯಿಂದ ಕೆಳಗೆ ನೋಡಿದರೆ ಸೇವಂತಿಗೆ, ಚೆಂಡುಹೂವಿನ ಗುಡ್ಡೆಗಳು. ಅಲ್ಲಿಂದ ಸ್ವಲ್ಪ ನಡೆದರೆ ಚಿಕ್ಕದೇವರಾಜ ಒಡೆಯರ್ ಕಟ್ಟಿಸಿದ ಕೋಟೆ ವೆಂಕಟರಮಣ ದೇವಸ್ಥಾನ, ಅದಕ್ಕೆ ಅಂಟಿಕೊಂಡೇ ಟಿಪ್ಪುವಿನ ಬೇಸಿಗೆ ಅರಮನೆ, 1791ರಲ್ಲಿ ಮುಗಿದದ್ದು, ಮರದ ಕಂಬ ಮರದ ಕಮಾನು. ಮಾರ್ಕೆಟ್ಟಿಗೆ ಬರುವ ಜನರಲ್ಲಿ ಎಷ್ಟೋ ಮಂದಿ ಇವೆರಡನ್ನು ನೋಡದೆ ಹೋಗುತ್ತಾರೆ. ಊಟಕ್ಕೆ, ಮಾಂಸ ತಿನ್ನುವವರಾದರೆ, ಕಾಟನ್‌ಪೇಟೆಯ ಎಸ್.ಜಿ. ರಾವ್ಸ್ ಮಿಲಿಟರಿ ಹೋಟೆಲ್, 1908ರದ್ದು. ಕೈಮಾ ಉಂಡೆ ಮರೆಯಬೇಡಿ. ದೊನ್ನೆ ಬಿರಿಯಾನಿಗೇ ಅಂತ ಹೋಗುವವರಿಗೆ ಜಯನಗರದ ಶಿವಾಜಿ ಮಿಲಿಟರಿ ಹೋಟೆಲ್ ಹೆಸರುವಾಸಿ, ಅದು ಬಸವನಗುಡಿ ದಿನಕ್ಕೆ ಸೇರಿಸಿಕೊಳ್ಳಬೇಕಾದ್ದು.

ಕಬ್ಬನ್ ಪಾರ್ಕು, ಚರ್ಚ್ ಸ್ಟ್ರೀಟು

ಶಾಲೆ ಮಕ್ಕಳಿದ್ದರೆ ನಾನು ಯೋಚನೆಯೇ ಮಾಡದೆ ಇದನ್ನು ಹೇಳುತ್ತೇನೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿಯಿರಿ. ಕಸ್ತೂರ ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ ಕಮ್ಮಿ ಅಂದರೂ ಮೂರು ಗಂಟೆ ಇಟ್ಟುಕೊಳ್ಳಿ. ಅಂಗಳದಲ್ಲಿ ವಿಮಾನ, ರೈಲು ಇಂಜಿನ್ನು, ಒಳಗೆ ಮೈ ಅಲ್ಲಾಡಿಸಿ ಗರ್ಜಿಸುವ ಡೈನೋಸಾರ್, ಗುಂಡಿ ಒತ್ತಿ ಚಕ್ರ ತಿರುಗಿಸಿ ಕಲಿಯುವ ಯಂತ್ರಗಳು. ಮುಟ್ಟಬೇಡ ಅಂತ ಯಾರೂ ಗದರದ ಮ್ಯೂಸಿಯಂ ಮಕ್ಕಳಿಗೆ ಎಷ್ಟು ಇಷ್ಟ ಆಗುತ್ತದೆ ಅಂತ ನೋಡಿಯೇ ತಿಳಿಯಬೇಕು. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಮಕ್ಕಳನ್ನು ನಿಶ್ಚಿಂತೆಯಿಂದ ಓಡಾಡಲು ಬಿಡಬಹುದು. ಸಂಜೆ ವಿಧಾನಸೌಧದ ದೀಪಾಲಂಕಾರವೂ ಸಿಗುತ್ತದೆ. ನೆಹರು ತಾರಾಲಯದಲ್ಲಿ ಕನ್ನಡದಲ್ಲೂ ಶೋ ಇರುತ್ತದೆ, ಹೋಗುವ ಮೊದಲು ಆ ದಿನದ ಕನ್ನಡ ಶೋ ಎಷ್ಟು ಹೊತ್ತಿಗೆ ಅಂತ ನೋಡಿಕೊಳ್ಳಿ. ಸೋಮವಾರ ರಜೆ.

ಈ ಭಾಗದಲ್ಲಿ ತಿನ್ನುವುದೇ ಕಷ್ಟ, ಬೆಲೆ ಜಾಸ್ತಿ. ಕೈಗೆಟುಕುವ ದರದಲ್ಲಿ ಹಳೇ ಕಾಲದ ಜಾಗ ಬೇಕು ಅಂದರೆ ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್, ಮೊದಲು ಎಂ.ಜಿ. ರಸ್ತೆಯಲ್ಲಿತ್ತು, 2009ರಲ್ಲಿ ಇಲ್ಲಿಗೆ ಬಂತು. ಪೇಟ ತೊಟ್ಟ ಸಪ್ಲೈಯರ್‌ಗಳು, ಆಮ್ಲೆಟ್, ಟೋಸ್ಟ್, ಕಾಫಿ. ಹೊಟ್ಟೆ ತುಂಬ ಊಟ ಅಂತ ಹೋಗಬೇಡಿ. ಅದೇ ರಸ್ತೆಯಲ್ಲಿ ಬ್ಲಾಸಮ್, ಬುಕ್‌ವರ್ಮ್ ಪುಸ್ತಕದ ಅಂಗಡಿಗಳು, ಕಾಲೇಜು ಹುಡುಗರು ಹುಡುಗಿಯರಿಗೆ ಅರ್ಧ ದಿನ ಅಲ್ಲೇ ಕಳೆಯುತ್ತದೆ. ಮಕ್ಕಳ ಜೊತೆ ಹೋಗುವವರು ಮನೆಯಿಂದ ಚಿತ್ರಾನ್ನವೋ ಚಪಾತಿಯೋ ಕಟ್ಟಿಕೊಂಡು ಹೋಗುವುದೇ ಒಳ್ಳೆಯದು.

ಬಿಡಬಹುದಾದ್ದು

ಬೆಂಗಳೂರಿಗೆ ಹೋಗಿ ತಟ್ಟೆ ಇಡ್ಲಿ ತಿನ್ನಬೇಡಿ. ಕ್ಯಾತ್ಸಂದ್ರದಲ್ಲಿ ಸಿಗುವುದನ್ನು ಬಿಟ್ಟು ಅಲ್ಲಿ ಯಾಕೆ? ಹೋಗುವಾಗ ಕ್ಯಾತ್ಸಂದ್ರದಲ್ಲೇ ಒಂದು ಪ್ಲೇಟ್ ತಿಂದು ಹೊರಟರೆ ಅಲ್ಲಿ ದೋಸೆಗೆ ಕಾಯುವಾಗ ತಾಳ್ಮೆ ಇರುತ್ತದೆ. ಬನ್ನೇರುಘಟ್ಟ ಊರಿನ ಆ ತುದಿ, ನಮಗೆ ಅದಕ್ಕೇ ಒಂದು ಪೂರ್ತಿ ದಿನ ಬೇಕು, ಮಂಗಳವಾರ ಮುಚ್ಚಿರುತ್ತದೆ. ಇಸ್ಕಾನ್ ನಮ್ಮ ದಾರಿಯಲ್ಲೇ ಇದೆ, ಮಲ್ಲೇಶ್ವರದ ದಿನಕ್ಕೆ ಸೇರಿಸಬಹುದು. ನಾಗಸಂದ್ರ ಸ್ಟೇಷನ್ ಪಕ್ಕದ ಐಕಿಯಾಗೆ ಹೋಗುವ ಆಸೆ ಇದ್ದರೆ ಅದನ್ನು ಬೇರೆ ದಿನ ಇಟ್ಟುಕೊಳ್ಳಿ, ಒಳಗೆ ಹೋದ ಮೇಲೆ ಅರ್ಧ ದಿನ ಅಲ್ಲೇ ಮುಗಿಯುತ್ತದೆ. ಮಾಲ್‌ಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ.

ವಾರದ ಲೆಕ್ಕ ಹೀಗೆ. ಸೋಮವಾರ ಎಂಟಿಆರ್ ಇಲ್ಲ, ತಾರಾಲಯ ಇಲ್ಲ, ಮಲ್ಲೇಶ್ವರಕ್ಕೆ ಹೋಗಿ. ಶುಕ್ರವಾರ ವಿದ್ಯಾರ್ಥಿ ಭವನ ಇಲ್ಲ, ಆದರೆ ಬ್ರಾಹ್ಮಿನ್ಸ್, ಎಂಟಿಆರ್ ಇರುತ್ತವೆ. ಭಾನುವಾರ ಬ್ರಾಹ್ಮಿನ್ಸ್ ಇಲ್ಲ, ಚಿಕ್ಕಪೇಟೆ ಬೇಡ, ಕಬ್ಬನ್ ಪಾರ್ಕಿಗೆ ಅದೇ ಒಳ್ಳೆ ದಿನ. ಶನಿವಾರ, ಭಾನುವಾರ ವಿದ್ಯಾರ್ಥಿ ಭವನಕ್ಕೆ ಹೋಗುವುದಾದರೆ ಬಾಗಿಲು ತೆಗೆಯುವ ಹೊತ್ತಿಗೇ ಇರಬೇಕು, ತುಮಕೂರಿನಿಂದ ಹೋಗುವವರಿಗೆ ಅದು ಕಷ್ಟ. ವಾರದ ಮಧ್ಯೆ ಒಂದು ರಜೆ ಹಾಕಿ ಹೋಗುವುದು ಎಷ್ಟೋ ವಾಸಿ.

ವಾಪಸ್ ಬರುವಾಗ ಒಂದು ವಿಷಯ ಗಮನದಲ್ಲಿರಲಿ. ಹೋಗುವಾಗ ಗೊರಗುಂಟೆಪಾಳ್ಯದಲ್ಲಿ ಇಳಿಯಿರಿ ಅಂದೆ, ಬರುವಾಗ ಅಲ್ಲಿ ಹತ್ತಿದರೆ ಸೀಟು ಸಿಗುವುದು ಅನುಮಾನ, ಅದರಲ್ಲೂ ಶನಿವಾರ ಸಂಜೆ ಮತ್ತು ಹಬ್ಬದ ಹಿಂದಿನ ದಿನ. ದೊಡ್ಡವರು, ಮಕ್ಕಳು, ಸೀರೆಯ ಚೀಲ ಇದ್ದರೆ ಮೆಜೆಸ್ಟಿಕ್‌ಗೇ ಹೋಗಿ ಖಾಲಿ ಬಸ್ಸು ಹತ್ತಿ ಕೂತುಬಿಡಿ. ಒಬ್ಬರೋ ಇಬ್ಬರೋ ಇದ್ದು ನಿಂತುಕೊಂಡು ಬರಲು ತೊಂದರೆ ಇಲ್ಲ ಅಂದರೆ ಮೆಟ್ರೋದಲ್ಲಿ ನಾಗಸಂದ್ರದ ತನಕ ಬಂದು ಎಂಟನೇ ಮೈಲಿಯಲ್ಲಿ ಹತ್ತಿ, ಒಳಗಿನ ಟ್ರಾಫಿಕ್ಕು ಪೂರ್ತಿ ತಪ್ಪುತ್ತದೆ.